ಹನ್ನೆರಡಕ್ಕೆ ಮೊದಲಿನ ಉಪ್ಪಿಟ್ಟು

ಬ್ಯಾಡಗಿಯ ಮಾರುಕಟ್ಟೆ ರಸ್ತೆಯಲ್ಲಿ ಗೋಣಿಚೀಲದ ಅಂಗಡಿ ಇಟ್ಟಿರುವ ಹಾಲೇಶಪ್ಪ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಉಪವಾಸ ಶುರುಮಾಡಿದ್ದು ಭಕ್ತಿಯಿಂದಲ್ಲ, ಊಟದ ಮೇಲಿನ ಪ್ರೀತಿಯಿಂದ.

ಮೊಣಕಾಲು ನೋವೆಂದು ರಾಣೇಬೆನ್ನೂರಿನ ಒಬ್ಬ ಡಾಕ್ಟರ ಬಳಿ ಹೋದಾಗ ಅವರು ಮೊಣಕಾಲನ್ನು ಮುಟ್ಟದೆ ಹೊಟ್ಟೆಯನ್ನೇ ನೋಡಿದರು. ತೂಕ ತೊಂಬತ್ತನಾಲ್ಕು ಎಂದು ಬರೆದುಕೊಂಡರು. "ಅನ್ನ ಕಡಿಮಿ ಮಾಡ್ರಿ, ತುಪ್ಪ ಬಿಡ್ರಿ, ಶೇಂಗಾ ಹಿಂಡಿ ಬಿಡ್ರಿ, ಸಂಜೀ ಮಿರ್ಚಿ ಪೂರಾ ಬಂದ್" ಎಂದರು. ಹಾಲೇಶಪ್ಪ ಕೈಕಟ್ಟಿ ನಿಂತು ಎಲ್ಲದಕ್ಕೂ ಹೂಂ ಅಂದ. ಮನೆಗೆ ಬಂದರೆ ಹೆಂಡತಿ ನಿರ್ಮಲಾ ಬದನೆಕಾಯಿ ಎಣಗಾಯಿ ಮಾಡಿಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಐದನೆಯ ರೊಟ್ಟಿಯ ಹೊತ್ತಿಗೆ ಅವನಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಡಾಕ್ಟರು ಒಳ್ಳೆಯವರು, ಕಲಿತವರು, ಆದರೆ ಈ ಮನೆಯಲ್ಲಿ ಉಂಡವರಲ್ಲ.

ಅದೇ ವಾರ ಅವನ ಫೋನಿನಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಮನುಷ್ಯ ಕಾಣಿಸಿಕೊಂಡು, ನೀವು ಏನು ತಿನ್ನುತ್ತೀರಿ ಎಂಬುದಕ್ಕಿಂತ ಯಾವಾಗ ತಿನ್ನುತ್ತೀರಿ ಎಂಬುದು ಮುಖ್ಯ ಎಂದ. ದಿನಕ್ಕೆ ಹದಿನಾರು ತಾಸು ಹೊಟ್ಟೆ ಖಾಲಿ ಇಡಬೇಕು, ಉಳಿದ ಎಂಟು ತಾಸಿನಲ್ಲಿ ಮನೆಯಲ್ಲಿ ಮಾಡಿದ್ದನ್ನು ಸಂತೋಷವಾಗಿ ಉಣ್ಣಬಹುದು ಎಂದ. ಹಾಲೇಶಪ್ಪ ಆ ವಿಡಿಯೋವನ್ನು ಮೂರು ಸಲ ನೋಡಿದ. 'ಸಂತೋಷವಾಗಿ' ಎಂಬ ಮಾತು ಬಂದ ಜಾಗದಲ್ಲಿ ನಿಲ್ಲಿಸಿ ನಿರ್ಮಲಾಗೂ ಕೇಳಿಸಿದ.

"ಇನ್ನಮ್ಯಾಲೆ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರ ತನಕ ಅಷ್ಟ ನನ್ನ ಊಟ," ಅಂದ. "ಅದರ ಆಚೀಗೆ ಬರೇ ನೀರು."

"ಮುಂಜಾನಿ ನಾಷ್ಟಾ?" ನಿರ್ಮಲಾ ಕೇಳಿದಳು.

"ಹನ್ನೆರಡಕ್ಕ."

"ಮಧ್ಯಾಹ್ನದ ಊಟ?"

"ಎರಡಕ್ಕ."

"ಸಂಜೀ ಮುಂದ ಒಗ್ಗರಣಿ ಮಂಡಕ್ಕಿ, ಮಿರ್ಚಿ?"

"ಐದಕ್ಕ. ರಾತ್ರಿ ಊಟ ಏಳೂವರಿಗೆ. ಎಂಟಕ್ಕ ಬಾಯಿ ಬಂದ್."

ನಿರ್ಮಲಾ ಬೆರಳು ಮಡಚಿ ಎಣಿಸಿದಳು. "ಹಂಗಾರ ಒಟ್ಟಿನಾಗ ಏನೂ ಕಡಿಮಿ ಆಗಲಿಲ್ಲಲ್ರಿ."

"ಕಡಿಮಿ ಮಾಡೂದು ಹಳೇ ಪದ್ಧತಿ," ಅಂದ ಹಾಲೇಶಪ್ಪ. "ಇದು ವಿಜ್ಞಾನ."

ಫೋನಿನಲ್ಲಿ ಅದಕ್ಕೊಂದು ಆ್ಯಪ್ ಹಾಕಿಕೊಂಡ. ಪ್ರತಿದಿನ ಹದಿನಾರು ತಾಸು ಮುಗಿದೊಡನೆ ಅದರಲ್ಲಿ ಒಂದು ಹಸಿರು ಚಕ್ರ ತುಂಬಿ, ಒಂದು ಅಂಕಿ ಏರುತ್ತಿತ್ತು. ಒಂದು ದಿನ ತಪ್ಪಿದರೂ ಅಂಕಿ ಸೊನ್ನೆಗೆ ಬರುತ್ತದೆ ಎಂದು ಮೊದಲ ದಿನವೇ ಅದು ಎಚ್ಚರಿಸಿತ್ತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮರುದಿನ ಮುಂಜಾನೆ ಪಕ್ಕದ ಮನೆಯ ರಫೀಕ್, ಮೆಣಸಿನಕಾಯಿ ಸಾಗಿಸುವ ಟೆಂಪೋದವನು, ಎಂದಿನಂತೆ ಎರಡು ಲೋಟ ಚಹಾ ಹಿಡಿದು ಅಂಗಡಿಗೆ ಬಂದ. ತೊಂಬತ್ತನಾಲ್ಕು ಕಿಲೋದ ಮನುಷ್ಯ ತಾನು ಉಪವಾಸ ಇದ್ದೇನೆ ಎಂದರೆ ಮಾರುಕಟ್ಟೆ ನಗುತ್ತದೆ ಎಂಬುದು ಹಾಲೇಶಪ್ಪನಿಗೆ ಗೊತ್ತಿತ್ತು. ಆದ್ದರಿಂದ ಮುಖ ಗಂಭೀರ ಮಾಡಿಕೊಂಡು, "ಬ್ಯಾಡಪಾ ರಫೀಕ್. ನಾನೊಂದು ನಿಯಮ ಹಿಡದೇನಿ" ಅಂದುಬಿಟ್ಟ.

ಆ ಒಂದು ಮಾತು ಎಷ್ಟು ಕೆಲಸ ಮಾಡಿತೆಂದರೆ, ರಫೀಕ್ ತನ್ನ ಲೋಟವನ್ನೂ ಬೆನ್ನ ಹಿಂದೆ ಹಿಡಿದುಕೊಂಡ. ಸಂಜೆಯೊಳಗೆ ಇಡೀ ಸಾಲಿಗೆ ಸುದ್ದಿಯಾಯಿತು. ಯಾವ ನಿಯಮ, ಯಾರಿಗೋಸ್ಕರ ಎಂದು ಯಾರೂ ಕೇಳಲಿಲ್ಲ. ಕೇಳುವುದು ಸರಿಯಲ್ಲ ಎಂದುಕೊಂಡರು. ಅವನ ಮುಂದೆ ದನಿ ತಗ್ಗಿಸಿ ಮಾತಾಡಿದರು. ಇಬ್ಬರು ಹಮಾಲರು ತಮ್ಮ ಜಗಳವನ್ನು ಬಗೆಹರಿಸಲು ಅವನ ಬಳಿಗೆ ತಂದರು. ಹಾಲೇಶಪ್ಪನ ಹಣೆಯ ವಿಭೂತಿ ತಾನಾಗಿಯೇ ಒಂದಿಷ್ಟು ಅಗಲವಾಯಿತು. ಮೂರು ವಾರಕ್ಕೆ ತೂಕ ತೊಂಬತ್ತೈದೂವರೆ ಆಯಿತೆಂಬ ಸಂಗತಿ ಅವನಿಗೂ ಅಂಗಡಿಯ ತೂಕದ ಕಾಟಾಕ್ಕೂ ಮಾತ್ರ ಗೊತ್ತಿತ್ತು. ಅದು ನೀರಿನ ತೂಕವೆಂದು ಅವನು ತೀರ್ಮಾನಿಸಿದ.

ಇಪ್ಪತ್ತೆರಡನೆಯ ದಿನಕ್ಕೆ ಕನ್ಯಾ ನೋಡುವ ಕೆಲಸ ಬಂತು.

ಕನ್ಯೆ ಬೇಕಾಗಿದ್ದದ್ದು ಹಾಲೇಶಪ್ಪನ ತಮ್ಮ ಮೈಲೇಶನಿಗೆ. ನಿರ್ಮಲಾ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಎಂಟು ವರ್ಷದವನು. ತಂದೆ ತಾಯಿ ತೀರಿಕೊಂಡ ಮೇಲೆ ಅವಳ ಕೈಯಲ್ಲೇ ಉಂಡು ಬೆಳೆದ. ಈಗ ಮೂವತ್ತೆರಡು. ಆರು ಎಕರೆಯಲ್ಲಿ ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತಾನೆ. ಬೋರಿನಲ್ಲಿ ನೀರಿದೆ, ಮನುಷ್ಯನಲ್ಲಿ ಕೆಟ್ಟ ಚಟ ಇಲ್ಲ. ಆದರೂ ಹನ್ನೊಂದು ಮನೆಯಲ್ಲಿ 'ಹುಡುಗ ಏನು ಮಾಡ್ತಾನ' ಎಂದು ಕೇಳಿ, 'ಒಕ್ಕಲುತನ' ಎಂಬ ಉತ್ತರ ಬಂದೊಡನೆ ಮಾತು ಮಳೆಯ ಕಡೆಗೆ ತಿರುಗಿತ್ತು. ಈಚೆಗೆ ಮೈಲೇಶ ಕನ್ಯಾ ನೋಡಲು ಹೋಗುವಾಗ ಹೊಸ ಅಂಗಿ ಹಾಕಿಕೊಳ್ಳುವುದನ್ನೂ ಬಿಟ್ಟಿದ್ದ.

ಹನ್ನೆರಡನೆಯದನ್ನು ತಂದವರು ರಾಣೇಬೆನ್ನೂರಿನ ಕರಬಸಪ್ಪ. ಬಸ್ ಕಂಡಕ್ಟರಾಗಿ ನಿವೃತ್ತರಾದ ಮೇಲೆ ಹೆಣ್ಣು ಗಂಡು ಕೂಡಿಸುವ ಕೆಲಸ ಹಿಡಿದವರು. ಹುಡುಗಿಯ ಹೆಸರು ಶ್ರೀದೇವಿ, ಹಾವೇರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ತಂದೆ ಸೋಮಣ್ಣ, ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು.

"ಒಕ್ಕಲುತನ ಮಾಡೂ ಹುಡುಗ ಆದ್ರೂ ನಡೀತೈತಿ ಅಂತ ಹುಡುಗೀನ ಅಂದಾಳ," ಎಂದು ಕರಬಸಪ್ಪ ಫೋನಿನಲ್ಲಿ ಹೇಳಿದರು. "ಆಕೀ ನೌಕರಿ ಬಿಡಸಬಾರದು, ಅದೊಂದ. ತಂದಿ ಸ್ವಲ್ಪ ಖಡಕ್. ಉಳದದ್ದು ಸೀಟು ಖಾಲಿ ಇದ್ದ ಗಾಡಿ, ಹತ್ತಿ ಕುಂದ್ರೂದಷ್ಟ."

ಭಾನುವಾರ ಬಾಡಿಗೆ ಕಾರು ಹತ್ತುವಾಗ ನಿರ್ಮಲಾ ಗಂಡನಿಗೆ ಹೇಳಿದಳು, "ಇವತ್ತೊಂದು ದಿನ ಎರಡು ಚಮಚ ತಿನ್ರಿ. ಕನ್ಯಾದವರ ಮನ್ಯಾಗ ಪ್ಲೇಟು ಹಂಗ ಬಿಟ್ರ ಬ್ಯಾಡ ಅಂದಂಗ ಆಗತೈತಿ."

"ನೋಡೂಣು," ಅಂದ ಹಾಲೇಶಪ್ಪ. ಅವನ ಕೈಯಲ್ಲಿ ರೊಟ್ಟಿಯ ಡಬ್ಬಿ ಇತ್ತು. ಹನ್ನೆರಡಕ್ಕೆ ದಾರಿಯಲ್ಲಿದ್ದರೆ ಇರಲಿ ಎಂದು ಬೆಳಿಗ್ಗೆಯೇ ಕಟ್ಟಿಸಿಕೊಂಡಿದ್ದ.

ಸೋಮಣ್ಣನವರ ಮನೆ ಅಚ್ಚುಕಟ್ಟಾಗಿತ್ತು. ಅವರು ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಇದ್ದರು. ಹೆಂಡತಿ ಹೊನ್ನವ್ವ ಕುರ್ಚಿಯಲ್ಲಿ ಕೂತೇ ಎಲ್ಲರಿಗೂ ಕೈಮುಗಿದರು. ಅವರ ತಮ್ಮ ತಿರಕಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಕುಶಲ ಮಾತಾಡುತ್ತಲೇ ಸೋಮಣ್ಣ ಎರಡು ಮೂರು ಸಲ ಒಳಗೆ ಹೋಗಿ ಬಂದರು. ಹತ್ತೂ ನಲವತ್ತಕ್ಕೆ ಶ್ರೀದೇವಿ ಉಪ್ಪಿಟ್ಟು ಮತ್ತು ಶಿರಾದ ಪ್ಲೇಟುಗಳನ್ನು ತಂದು ಎಲ್ಲರ ಮುಂದೆ ಇಟ್ಟಳು. ಉಪ್ಪಿಟ್ಟಿನ ಮೇಲೆ ಹುರಿದ ಶೇಂಗಾ, ಕೊತ್ತಂಬರಿ, ಹಸಿ ಕೊಬ್ಬರಿ. ತುಪ್ಪದ ಪರಿಮಳ ಕೋಣೆಯ ತುಂಬ ಹರಡಿತು.

"ಎಲ್ಲಾ ಹುಡುಗೀನ ಮಾಡ್ಯಾಳ್ರಿ," ಅಂದರು ಕರಬಸಪ್ಪ, ಇಂಥ ಕಡೆ ಹೇಳಲೇಬೇಕಾದ ಮಾತನ್ನು. ಶ್ರೀದೇವಿ ಫ್ಯಾನಿನ ಕಡೆ ನೋಡಿದಳು.

ಎಲ್ಲರೂ ಚಮಚ ಎತ್ತಿದರು. ಹಾಲೇಶಪ್ಪ ಉಪ್ಪಿಟ್ಟನ್ನು ನೋಡಿದ. ಉಪ್ಪಿಟ್ಟಿನ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಆ ಹಸಿರು ಚಕ್ರ ತುಂಬಲು ಇನ್ನೂ ಒಂದು ತಾಸು ಇಪ್ಪತ್ತು ನಿಮಿಷ ಬೇಕಿತ್ತು. ಇಪ್ಪತ್ತೊಂದು ದಿನದ ಗಳಿಕೆಯನ್ನು ಒಂದು ಚಮಚಕ್ಕೆ ಕಳೆದುಕೊಳ್ಳುವುದು ಹೇಗೆ ಎಂದು ಅವನು ಗಡಿಯಾರವನ್ನೊಮ್ಮೆ, ಉಪ್ಪಿಟ್ಟನ್ನೊಮ್ಮೆ ನೋಡಿದ. ಸೋಮಣ್ಣ ಗೋಡೆಗೆ ಒರಗಿ ನಿಂತು ಅವನ ಪ್ಲೇಟನ್ನೇ ನೋಡುತ್ತಿದ್ದರು.

"ತಗೋರಿ," ಅಂದರು.

"ಇಲ್ರಿ, ನಂದೊಂದು ನಿಯಮ ಐತ್ರಿ. ಹನ್ನೆರಡರ ತನಕ ಏನೂ ಮುಟ್ಟಂಗಿಲ್ರಿ."

ಬ್ಯಾಡಗಿಯಲ್ಲಾಗಿದ್ದರೆ ಈ ಮಾತಿಗೆ ಎಲ್ಲರೂ ತಲೆಬಾಗುತ್ತಿದ್ದರು. ಸೋಮಣ್ಣ ಮೂವತ್ತನಾಲ್ಕು ವರ್ಷ ಸಾಕ್ಷಿಗಳ ಹೇಳಿಕೆ ಕೇಳಿದವರು.

"ಏನು ನಿಯಮ್ರಿ ಅದು? ಯಾವ ದೇವರದ್ದು?"

"ದೇವರದ್ದಲ್ರಿ." ಹಾಲೇಶಪ್ಪನಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಇದು ದೇಹದ್ದು."

ಹೊನ್ನವ್ವ ಗಂಡನ ಮುಖ ನೋಡಿದರು. ನಿರ್ಮಲಾ ಗಂಡನ ಕಾಲನ್ನು ಮೆಲ್ಲಗೆ ತುಳಿದಳು.

"ಚಹಾ ಆದ್ರೂ ಕುಡೀರಿ. ಸಕ್ರಿ ಇಲ್ದಂಗ ಮಾಡಸ್ತೇನಿ," ಅಂದರು ಸೋಮಣ್ಣ.

"ಸಕ್ರಿದು ಏನಿಲ್ರಿ. ನೀರು ಸಾಕು."

"ಹಂಗಾರ ಹನ್ನೆರಡರ ತನಕ ಕುಂದರ್ರಿ. ಬಿಸಿ ಮಾಡಿ ಕೊಡೂಣು."

ಇದು ಸೋಮಣ್ಣ ಕೊಟ್ಟ ಕೊನೆಯ ಅವಕಾಶ. ಹಾಲೇಶಪ್ಪ ಅದನ್ನು ಬರಿಯ ಉಪಚಾರ ಎಂದುಕೊಂಡ. ಪರರ ಮನೆಯವರಿಗೆ ತೊಂದರೆ ಕೊಡಬಾರದು ಎಂಬ ಸದ್ಭಾವನೆಯಿಂದ, "ಬ್ಯಾಡ್ರಿ, ಯಾಕ ತ್ರಾಸು. ನಮ್ಮ ಮನೀ ಬುತ್ತಿ ಐತ್ರಿ" ಅಂದ.

ಶ್ರೀದೇವಿ ಖಾಲಿ ಪ್ಲೇಟುಗಳ ಜೊತೆ ಆ ತುಂಬಿದ ಪ್ಲೇಟನ್ನೂ ಒಳಗೆ ಒಯ್ದಳು. ಆಮೇಲೆ ಅವಳೂ ಮೈಲೇಶನೂ ಹಿತ್ತಲಲ್ಲಿ ನಿಂತು ಹತ್ತು ನಿಮಿಷ ಮಾತಾಡಿ ಬಂದರು. ಬರುವಾಗ ಮೈಲೇಶನ ಮುಖದಲ್ಲಿ ನಿರ್ಮಲಾ ಎಷ್ಟೋ ದಿನದಿಂದ ಕಾಣದ ಒಂದು ಕಳೆ ಇತ್ತು. ಹೊನ್ನವ್ವ ನಿರ್ಮಲಾಗೆ ಖಣ, ತೆಂಗಿನಕಾಯಿ ಕೊಟ್ಟು ಕುಂಕುಮದ ಬಟ್ಟಲು ಮುಂದೆ ಹಿಡಿದರು. ಗಂಡನ ಮೇಲಿನ ಸಿಟ್ಟನ್ನು ನುಂಗಿಕೊಳ್ಳುವ ಗಡಿಬಿಡಿಯಲ್ಲಿ ನಿರ್ಮಲಾ ಆ ಖಣ, ತೆಂಗಿನಕಾಯಿಗಳನ್ನು ಕುರ್ಚಿಯ ಮೇಲೆಯೇ ಬಿಟ್ಟು ಕಾರು ಹತ್ತಿದಳು.

ಕೊಟ್ಟ ಉಡುಗೊರೆ ಬಿಟ್ಟು ಹೋದರೆ ಒಳ್ಳೆಯದಲ್ಲ ಎಂದು ಹೊನ್ನವ್ವ ತಮ್ಮ ತಿರಕಪ್ಪನನ್ನು ಅದರ ಜೊತೆ ಮೋಟರ್‌ಸೈಕಲ್ ಮೇಲೆ ಹಿಂದೆಯೇ ಓಡಿಸಿದರು. ತಿರಕಪ್ಪ ಹೆದ್ದಾರಿ ಹಿಡಿದು ಬಂದ. ಮೋಟೆಬೆನ್ನೂರಿನ ಹತ್ತಿರ ಹುಣಸೆಮರದ ಕೆಳಗೆ ಆ ಕಾರು ನಿಂತದ್ದು ಕಾಣಿಸಿತು. ಮರದ ನೆರಳಲ್ಲಿ ಹಾಲೇಶಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎಡಗೈಯಲ್ಲಿ ಹಸಿರು ಚಕ್ರ ತುಂಬಿದ ಫೋನು, ಬಲಗೈಯಲ್ಲಿ ಕೆಂಪು ಖಾರ ಹಚ್ಚಿದ ರೊಟ್ಟಿ. ಮುಂದೆ ಡಬ್ಬಿಯಲ್ಲಿ ಹೆಸರುಕಾಳಿನ ಪಲ್ಲೆ. ಹೊತ್ತು ಹನ್ನೆರಡೂ ಮೂರು.

ತಿರಕಪ್ಪ ಯಾರೆಂದು ಹಾಲೇಶಪ್ಪನಿಗೆ ನೆನಪಾಗಲಿಲ್ಲ. ಆದರೆ ಉಣ್ಣುವ ಹೊತ್ತಿಗೆ ಬಂದವರನ್ನು ಕರೆಯದೆ ಇರುವ ಮನುಷ್ಯ ಅವನಲ್ಲ.

"ಬರ್ರಿ, ಕುಂದರ್ರಿ," ಅಂದ ತುಂಬಿದ ಬಾಯಲ್ಲಿ. "ಹೊರಗಿನದು ನಾನು ಮುಟ್ಟಂಗಿಲ್ಲ. ಇದು ಮನೀದು. ಒಂದು ತುತ್ತು ನೋಡ್ರಿ, ಆಮ್ಯಾಲೆ ಬ್ಯಾರೆ ಯಾರ ಮನೀದೂ ರುಚಿ ಹತ್ತಂಗಿಲ್ಲ."

ತಿರಕಪ್ಪ ಖಣ, ತೆಂಗಿನಕಾಯಿಯನ್ನು ನಿರ್ಮಲಾಳ ಕೈಗೆ ಕೊಟ್ಟ. ನಿಂತ ಹೆಜ್ಜೆಯಲ್ಲೇ ಗಾಡಿ ತಿರುಗಿಸಿದ. ಅವನನ್ನು ಗುರುತಿಸಿದ ಮೈಲೇಶ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಮರಳಿ ಇಟ್ಟ.

ನಾಲ್ಕು ದಿನ ಹಾವೇರಿಯಿಂದ ಫೋನು ಬರಲಿಲ್ಲ. ಐದನೆಯ ದಿನ ಕರಬಸಪ್ಪ ಮೂವರನ್ನೂ ರಾಣೇಬೆನ್ನೂರಿಗೆ ಕರೆಸಿದರು. ಮಧ್ಯಾಹ್ನ ಹನ್ನೆರಡೂವರೆ ಆಗಿದ್ದರಿಂದ ಅವರ ಮನೆಯಲ್ಲಿ ಕೊಟ್ಟ ಅವಲಕ್ಕಿಯನ್ನು ಹಾಲೇಶಪ್ಪ ನಿರಾತಂಕವಾಗಿ ತಿನ್ನತೊಡಗಿದ. ಕರಬಸಪ್ಪ ಕನ್ನಡಕ ಏರಿಸಿ ಒಂದು ಉದ್ದ ಹಾಳೆ ಬಿಚ್ಚಿದರು.

"ಮೂವತ್ತು ವರ್ಷ ಬಸ್ಸಿನ್ಯಾಗ ಬೈಗುಳ ತಿಂದೇನಿ," ಅಂದರು. "ಕಲಂ ಹಾಕಿ ಬೈದವರು ಇವರ ಮೊದಲ್ನೇದವರು. ಕೇಳ್ರಿ."

ಪತ್ರ ಸೋಮಣ್ಣನವರ ಮುತ್ತಿನಂಥ ಅಕ್ಷರದಲ್ಲಿತ್ತು.

"ಕಲಂ ಒಂದು. ವರನ ಅಣ್ಣನವರಾದ ಶ್ರೀ ಹಾಲೇಶಪ್ಪನವರು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ತಮ್ಮ ಮುಂದೆ ಇಡಲಾದ ಉಪ್ಪಿಟ್ಟನ್ನು ಮುಟ್ಟಿರುವುದಿಲ್ಲ. ಕಾರಣ ಕೇಳಲಾಗಿ, ದೇಹದ್ದು ಎಂದು ತಿಳಿಸಿರುತ್ತಾರೆ. ಕಲಂ ಎರಡು. ಸದರಿಯವರಿಗೆ ಸಕ್ಕರೆ ಕಾಯಿಲೆ ಇದ್ದು, ಅದು ಮನೆತನದ ಕಾಯಿಲೆ ಆಗಿದ್ದಲ್ಲಿ, ಮುಂಚಿತವಾಗಿ ತಿಳಿಸದೆ ಇದ್ದದ್ದು ತಪ್ಪು."

ಹಾಲೇಶಪ್ಪನ ಚಮಚ ನಿಂತಿತು.

"ಕಲಂ ಮೂರು. ಅದೇ ದಿನ ಹನ್ನೆರಡು ಗಂಟೆ ಮೂರು ನಿಮಿಷಕ್ಕೆ ಸದರಿಯವರು ಹೆದ್ದಾರಿಯ ಪಕ್ಕದಲ್ಲಿ ರೊಟ್ಟಿ ಉಣ್ಣುತ್ತಿದ್ದುದನ್ನು ತಿರಕಪ್ಪ ಎಂಬುವರು ಕಣ್ಣಾರೆ ಕಂಡಿರುತ್ತಾರೆ. ಬೇರೆ ಯಾರ ಮನೆಯದೂ ರುಚಿ ಹತ್ತುವುದಿಲ್ಲ ಎಂದು ಸದರಿಯವರು ಬಾಯಿಬಿಟ್ಟು ಹೇಳಿರುತ್ತಾರೆ. ಕಾಯಿಲೆ ಇದ್ದಲ್ಲಿ ಮುಚ್ಚಿಟ್ಟ ತಪ್ಪು, ಇಲ್ಲದಿದ್ದಲ್ಲಿ ಉಪ್ಪಿಟ್ಟಿನ ಬಗ್ಗೆ ತಾತ್ಸಾರ ಮಾಡಿದ ತಪ್ಪು. ಎರಡರಲ್ಲಿ ಒಂದು ಖಂಡಿತ. ಆದ್ದರಿಂದ ಈ ಸಂಬಂಧ ಮುಂದುವರಿಸಲು ನಮಗೆ ಸಾಧ್ಯವಾಗುವುದಿಲ್ಲ."

ಕರಬಸಪ್ಪ ಹಾಳೆ ಮಡಿಸಿದರು. ಮೈಲೇಶ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಬಿಡಣ್ಣ," ಅಂದ. "ಹೊಲಕ್ಕ ನೀರು ಹಾಸೂದೈತಿ."

ಬೈದಿದ್ದರೆ ಹಾಲೇಶಪ್ಪನಿಗೆ ಹಗುರವಾಗುತ್ತಿತ್ತು. ಮೈಲೇಶ ಬೈಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತ. "ಏನು ಮಾತಾಡಿದ್ರಿ ಅವತ್ತು ಹಿತ್ತಲದಾಗ?" ಎಂದು ನಿರ್ಮಲಾ ಕೇಳಿದ್ದಕ್ಕೆ, "ಮೆಣಸಿನಗಿಡಕ್ಕ ಎಲಿ ಮುದುಡೂ ಮುಟುರು ರೋಗ ಯಾಕ ಬರತೈತಿ ಅಂತ ಕೇಳಿದ್ಲು, ವೈನಿ. ಹೇಳಿದ್ನೆಲ್ಲಾ ಪೂರಾ ಕೇಳಿದ್ಲು" ಅಂದ.

ಮನೆಗೆ ಬಂದ ನಿರ್ಮಲಾ ಎರಡು ಗಂಟೆಯ ಊಟಕ್ಕೆ ಒಲೆ ಹಚ್ಚಲಿಲ್ಲ. ಪಡಸಾಲೆಯಲ್ಲಿ ಕೂತಳು.

"ಇವತ್ತಿನಿಂದ ನಂದೂ ಒಂದು ನಿಯಮ," ಅಂದಳು. "ಆ ಸಂಬಂಧ ಸರಿ ಆಗೂತನಕ ನಾನು ಒಲಿ ಮುಂದ ಕುಂದ್ರಂಗಿಲ್ಲ. ಇದು ದೇವರದ್ದೂ ಅಲ್ಲ, ದೇಹದ್ದೂ ಅಲ್ಲ. ಮೈಲೇಶಂದು."

ನಿಯಮವೆಂದರೆ ಎಷ್ಟು ಗಟ್ಟಿ ಎಂಬುದು ಹಾಲೇಶಪ್ಪನಿಗೆ ಆಗ ತಿಳಿಯಿತು. ಮೊದಲ ದಿನ ಅವನು ಖಾನಾವಳಿಯಲ್ಲಿ ಉಂಡ. ಅಲ್ಲಿಯ ರೊಟ್ಟಿ ಅವನ ಅಂಗಡಿಯ ಮಾಲಿನಂತೆಯೇ ಇತ್ತು. ಎರಡನೆಯ ದಿನ ಮೈಲೇಶ ಕುಕ್ಕರಿನಲ್ಲಿ ಅನ್ನ ಇಟ್ಟ. ಅದು ಕೆಳಗೆ ಹೊತ್ತಿ ಮೇಲೆ ಅಕ್ಕಿಯಾಗಿಯೇ ಉಳಿಯಿತು. ರಫೀಕನ ಹೆಂಡತಿ ಜುಬೇದಾ ಏನಾದರೂ ಕೊಟ್ಟಾಳೆಂದು ಹಾಲೇಶಪ್ಪ ಬೇಲಿಯ ಹತ್ತಿರ ಎರಡು ಸಲ ಓಡಾಡಿದ. ಅವಳು ಸೆರಗು ಸರಿಮಾಡಿಕೊಂಡು, "ನಿಮ್ಮ ನಿಯಮ ಇದ್ದಾಗ ನಾವು ಚಹಾ ಸೈತ ತೋರಿಸಲಿಲ್ರಿ ಅಣ್ಣಾರ. ಈಗ ಅಕ್ಕಾರ ನಿಯಮ ಹೆಂಗ ಮುರೀಲಿ?" ಎಂದು ಒಳಗೆ ಹೋದಳು. ಎಂಟು ತಾಸು ಉಣ್ಣಲು ಪೂರ್ತಿ ಅನುಮತಿ ಇತ್ತು, ಉಣ್ಣುವಂಥದ್ದು ಏನೂ ಇರಲಿಲ್ಲ.

ಮೂರನೆಯ ದಿನ ಅವನು ಒಬ್ಬನೇ ಮುಂಜಾನೆಯ ರೈಲು ಹತ್ತಿ ಹಾವೇರಿಗೆ ಹೊರಟ. ಹೊಟ್ಟೆಯ ಸಂಕಟ ಇದ್ದೇ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಹಿಂದಿನ ಸಂಜೆ ಮೈಲೇಶ ಹೊತ್ತಿದ ಕುಕ್ಕರನ್ನು ಒಂದು ತಾಸು ಸುಮ್ಮನೆ ಉಜ್ಜುತ್ತ ಕೂತದ್ದನ್ನು ಅವನು ನೋಡಿದ್ದ.

ಎಂಟೂವರೆಗೆ ಸೋಮಣ್ಣನವರ ಮನೆಯ ಬಾಗಿಲು ಬಡಿದ. ಬಾಗಿಲು ತೆರೆದವರು ಸೋಮಣ್ಣನವರೇ. ಆದರೆ ಇಸ್ತ್ರಿ ಅಂಗಿ ಇರಲಿಲ್ಲ. ಬನಿಯನ್, ಮೊಣಕಾಲ ತನಕ ಎತ್ತಿ ಕಟ್ಟಿದ ಲುಂಗಿ, ಹೆಗಲ ಮೇಲೆ ಮಸಿ ಅರಿವೆ, ಕೈಯಲ್ಲಿ ಸೌಟು. ಈರುಳ್ಳಿ ಹೆಚ್ಚಿ ಕಣ್ಣು ಕೆಂಪಾಗಿತ್ತು. ಹಿಂದೆ ಪಡಸಾಲೆಯಲ್ಲಿ ಹೊನ್ನವ್ವ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು.

ಇಬ್ಬರೂ ಗಂಡಸರು ಒಬ್ಬರನ್ನೊಬ್ಬರು ನೋಡಿದರು. ಸೌಟನ್ನು ಬೆನ್ನ ಹಿಂದೆ ಇಡಲು ಸೋಮಣ್ಣ ತಡಮಾಡಿದರು.

"ತಪ್ಪಾಗೇತ್ರಿ," ಅಂದ ಹಾಲೇಶಪ್ಪ. "ನಾನು ಹನ್ನೆರಡಕ್ಕ ಮೊದಲ ಬಂದೇನಿ. ಏನು ಕೊಟ್ರೂ ತಿಂತೇನಿ."

"ಒಳಗ ಬರ್ರಿ," ಅಂದರು ಸೋಮಣ್ಣ. "ರವಾ ಹೊತ್ತತೈತಿ."

ಅಡುಗೆಮನೆಯಲ್ಲಿ ಎಲ್ಲವೂ ಗೊತ್ತಾಯಿತು. ಹೊನ್ನವ್ವನಿಗೆ ಆರು ವರ್ಷದಿಂದ ಭುಜದ ಕೀಲು ಹಿಡಿದಿದೆ, ಕೈ ಮೇಲೆ ಏಳುವುದಿಲ್ಲ. ಶ್ರೀದೇವಿಗೆ ಲ್ಯಾಬಿನ ಕೆಲಸ, ಅಡುಗೆಯ ಗೋಜಿಗೆ ಹೋಗುವುದಿಲ್ಲ. ನಿವೃತ್ತಿಯಾದ ಮರುದಿನದಿಂದ ಒಲೆ ಹಿಡಿದವರು ಸೋಮಣ್ಣ. ಕನ್ಯಾ ನೋಡಲು ಬಂದವರ ಮುಂದೆ ಅಪ್ಪ ಅಡುಗೆ ಮಾಡುತ್ತಾನೆ ಎಂದು ಹೇಳಲು ಕರಬಸಪ್ಪ ಬಿಟ್ಟಿರಲಿಲ್ಲ.

"ಅವತ್ತ ನಸುಕಿನ್ಯಾಗ ಎದ್ದು ರವಾ ಹುರದಿದ್ದೆ," ಎಂದು ಸೋಮಣ್ಣ ಬಾಣಲೆಯ ಕಡೆ ನೋಡುತ್ತ ಹೇಳಿದರು. "ಹೊರಗಿನವರಿಗೆ ನನ್ನ ಕೈ ಉಪ್ಪಿಟ್ಟು ಹಾಕಿದ್ದು ಅದ ಮೊದಲು. ನಾಕ ಪ್ಲೇಟು ಖಾಲಿ ಆದವು. ನಿಮ್ಮದು ಹಂಗ ವಾಪಸ್ ಬಂತು. ಸಂಜೀತನಕ ನನಗ ಅದ ಕಾಣಾಕತ್ತಿತ್ತು."

ಪತ್ರ ಯಾಕೆ ಉಪ್ಪಿಟ್ಟಿನಿಂದಲೇ ಶುರುವಾಗಿತ್ತೆಂದು ಹಾಲೇಶಪ್ಪನಿಗೆ ಈಗ ಅರ್ಥವಾಯಿತು. ಅವನು ನೆಲದ ಮೇಲೆ ಕೂತು ಪ್ಲೇಟು ಕೇಳಿದ. ಎಂಟೂ ಐವತ್ತಕ್ಕೆ ಮೊದಲ ಚಮಚ ಬಾಯಿಗೆ ಹೋಯಿತು. ಫೋನು ಜೇಬಿನಲ್ಲೇ ಇತ್ತು. ಅಂಕಿ ಸೊನ್ನೆಗೆ ಬಂತೋ ಏನಾಯಿತೋ ಅವನು ನೋಡಲಿಲ್ಲ. ಎರಡು ದಿನ ಹಸಿದವನ ಉಣ್ಣುವಿಕೆಯನ್ನು ಸೋಮಣ್ಣ ಸೌಟು ಹಿಡಿದು ನಿಂತು ನೋಡಿದರು. ಎರಡನೆಯ ಪ್ಲೇಟು ಹಾಕಿ ಮೆಲ್ಲಗೆ ಕೇಳಿದರು, "ಹೆಂಗ ಐತ್ರಿ?"

ಇಲ್ಲಿ ಯಾವ ಮನುಷ್ಯನಾದರೂ ಅಮೃತ ಎಂದು ಹೇಳಿ ತಮ್ಮನ ಮದುವೆ ಕುದುರಿಸಿಕೊಳ್ಳುತ್ತಿದ್ದ. ಆದರೆ ಊಟದ ವಿಷಯದಲ್ಲಿ ಹಾಲೇಶಪ್ಪನಿಗೆ ಸುಳ್ಳು ಬರುವುದಿಲ್ಲ.

"ಚಲೋ ಐತ್ರಿ. ಒಗ್ಗರಣಿ ಹದ ಆಗೇತಿ. ಆದ್ರ ರವಾಕ್ಕ ತಣ್ಣೀರು ಹಾಕೀರಿ. ನಮ್ಮಾಕಿ ಕಾಸಿದ ನೀರು ಹಾಕತಾಳ. ಅದಕ್ಕ ಗಂಟು ಆಗಂಗಿಲ್ಲ."

ಸೋಮಣ್ಣ ಬಾಣಲೆಯಲ್ಲಿದ್ದ ಒಂದು ಗಂಟನ್ನು ಸೌಟಿನಿಂದ ಒಡೆದು ನೋಡಿದರು.

"ಆರು ವರ್ಷದಾಗ ಇದನ್ನ ನನಗ ಯಾರೂ ಹೇಳಿಲ್ಲ," ಅಂದರು ಸೋಮಣ್ಣ.

"ನಾನು ದಿನಾ ಹೇಳತೇನಿ," ಎಂದು ಪಡಸಾಲೆಯಿಂದ ಹೊನ್ನವ್ವನ ದನಿ ಬಂತು.

ಲ್ಯಾಬಿಗೆ ಹೊರಡಲು ಸಿದ್ಧವಾಗಿ ಬಂದ ಶ್ರೀದೇವಿಗೆ ಕಂಡದ್ದು, ಒಲೆಯ ಮುಂದೆ ಇಬ್ಬರು ದೊಡ್ಡ ಮನುಷ್ಯರು ಕಾದ ನೀರಿನ ಪಾತ್ರೆಯ ಮೇಲೆ ಬಗ್ಗಿ, ಒಂದು ಪಾವು ರವೆಗೆ ಎಷ್ಟು ನೀರು ಎಂದು ವಾದ ಮಾಡುತ್ತಿದ್ದ ದೃಶ್ಯ. ಅವಳು ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದಳು.

"ಹದಿನಾರು ತಾಸಿಂದು ಮಾಡತೀರೇನ್ರಿ ನೀವು?" ಎಂದು ಹಾಲೇಶಪ್ಪನನ್ನು ಕೇಳಿದಳು. "ನಮ್ಮ ಲ್ಯಾಬಿಗೆ ದಿನಾ ಇಬ್ಬರು ಮೂವರು ಅಂಥವರು ಬರತಾರ. ಅವತ್ತ ನೀವು ಗಡಿಯಾರ ನೋಡೂದು, ಉಪ್ಪಿಟ್ಟು ನೋಡೂದು ಮಾಡೂವಾಗ ನನಗ ಗೊತ್ತಾತು."

ಸೋಮಣ್ಣ ತಿರುಗಿದರು. "ಗೊತ್ತಿದ್ರ ನನಗ ಯಾಕ ಹೇಳಲಿಲ್ಲ?"

"ನೀವು ನನ್ನ ಎಲ್ಲಿ ಕೇಳಿದ್ರಿ ಅಪ್ಪಾ? ಉಪ್ಪಿಟ್ಟಿನ ಮ್ಯಾಲೆ ಪತ್ರ ಬರದ್ರಿ. ಹುಡುಗ ಹೆಂಗ ಅದಾನ ಅಂತ ಒಂದು ಮಾತು ಕೇಳಲಿಲ್ಲ."

ಇದು ನಿಜವಾಗಿತ್ತು. ಮೂರು ಕಲಮುಗಳಲ್ಲಿ ಎಲ್ಲಿಯೂ ಮೈಲೇಶನ ಹೆಸರು ಇರಲಿಲ್ಲ.

ಸೋಮಣ್ಣ ಸೌಟನ್ನು ಕೆಳಗಿಟ್ಟರು. "ಸರಿ, ಈಗ ಕೇಳತೇನಿ. ಹೆಂಗ ಅದಾನ?"

"ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತಾನ," ಅಂದಳು ಶ್ರೀದೇವಿ. "ನನಗ ಅಷ್ಟು ಸಾಕು."

ಸೋಮಣ್ಣ ಹಳೆಯ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡರು. "ಕಲಂ ಒಂದು, ಕಲಂ ಮೂರು ವಜಾ. ಕಲಂ ಎರಡಕ್ಕ ಸಾಕ್ಷಿ ಬೇಕು. ಕಾಗದದ ಮ್ಯಾಲೆ."

"ಅದಕ್ಕೇನು, ರಕ್ತ ತಗದು ನೋಡಿದ್ರಾತು," ಅಂದಳು ಶ್ರೀದೇವಿ. "ನಾಳೆ ಮುಂಜಾನಿ ಒಂಬತ್ತಕ್ಕ ಲ್ಯಾಬಿಗೆ ಬರ್ರಿ. ಅಣ್ಣ ತಮ್ಮ ಇಬ್ಬರೂ. ಹತ್ತು ಹನ್ನೆರಡು ತಾಸು ಏನೂ ತಿಂದಿರಬಾರದು."

ಹಾಲೇಶಪ್ಪ ಎದೆ ಸೆಟೆಸಿದ. ಹಾವೇರಿ ಜಿಲ್ಲೆಯಲ್ಲಿ ಇದಕ್ಕೆ ತನ್ನಷ್ಟು ತಯಾರಿ ಇರುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದು ಸುದ್ದಿ ಹೇಳಿದ. ನಿರ್ಮಲಾ ಎರಡನೆಯ ಸಲ ಕೇಳದೆ ಒಲೆ ಹಚ್ಚಿದಳು. ಎರಡು ದಿನದ ಬಾಕಿಯನ್ನು ತೀರಿಸುವಂತೆ ಎಣಗಾಯಿ, ಜುಣಕದ ವಡಿ, ಮೆಂತೆಸೊಪ್ಪಿನ ಪಚಡಿ, ಗೋಧಿ ಹುಗ್ಗಿ ಒಂದರ ಹಿಂದೆ ಒಂದು ಬಂದವು. ಹೊಲದಿಂದ ಬಂದ ಮೈಲೇಶ ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತು, "ಖರೇನ ಏನು ವೈನಿ?" ಎಂದು ಕೇಳಿದ. ಅವಳು ಅವನ ತಾಟಿಗೆ ಹುಗ್ಗಿ ಸುರಿದು, ನಡುವೆ ಗುಳಿ ಮಾಡಿ ತುಪ್ಪ ಹಾಕಿದಳು. ಏಳೂವರೆಗೆ ಇಬ್ಬರೂ ಕೈತೊಳೆದರು.

ಮರುದಿನ ಅಣ್ಣ ತಮ್ಮ ಹಾವೇರಿಯ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದರು. ಮೈಲೇಶ ಹೊಸ ಅಂಗಿ ಹಾಕಿದ್ದ, ಮಡಿಕೆಯ ಗೆರೆಗಳೂ ಹೋಗಿರಲಿಲ್ಲ. ಶ್ರೀದೇವಿ ಬಿಳಿ ಕೋಟಿನಲ್ಲಿ ಬಂದು ಮೊದಲು ಅವನನ್ನೇ ಒಳಗೆ ಕರೆದಳು. ಒಂದು ಸಣ್ಣ ಕೊಳವೆಯಷ್ಟು ರಕ್ತ ತೆಗೆಯಲು ಅವತ್ತು ಕಾಲು ತಾಸು ಹಿಡಿಯಿತು. ಬೆಂಚಿನ ಮೇಲಿನ ರೋಗಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಾಲೇಶಪ್ಪ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ.

ಅವನ ಸರದಿ ಬಂದಾಗ ತೋಳು ಚಾಚಿ, "ಹದಿಮೂರೂ ಮುಕ್ಕಾಲು ತಾಸು ಆತು ನೋಡವಾ" ಎಂದು ಹೆಮ್ಮೆಯಿಂದ ಹೇಳಿದ. ಅವಳು ನಕ್ಕು ಸೂಜಿ ಚುಚ್ಚಿದಳು, ರಕ್ತ ತೆಗೆದಳು, ಹತ್ತಿ ಒತ್ತಿ ಹಿಡಿಯಲು ಹೇಳಿದಳು. ವರದಿ ಸಂಜೆಗೆ ಬಂತು. ಇಬ್ಬರಿಗೂ ಸಕ್ಕರೆ ಇರಲಿಲ್ಲ, ಹಾಲೇಶಪ್ಪನಿಗೆ ಮಾತ್ರ ಕೊಬ್ಬು ಸ್ವಲ್ಪ ಜಾಸ್ತಿ ಇತ್ತು. ಆದರೆ ಅವನ ಮಟ್ಟಿಗೆ ವ್ಯವಹಾರ ಆ ಬೆಳಿಗ್ಗೆಯೇ ಮುಗಿದುಹೋಗಿತ್ತು.

ಅದಾದದ್ದು ಹೀಗೆ. ಅವನು ಹತ್ತಿ ಒತ್ತಿಕೊಂಡು ಎದ್ದಾಗ ಶ್ರೀದೇವಿ ಮೇಜಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳದ ಸಂದಿನಿಂದ ಇನ್ನೂ ಹಬೆ ಬರುತ್ತಿತ್ತು.

"ಅಪ್ಪ ಕಳಿಸ್ಯಾರ್ರಿ. ಕಾಸಿದ ನೀರು ಹಾಕಿ ಮಾಡ್ಯಾರಂತ. ಒಂದು ಗಂಟೂ ಇಲ್ಲ ಅಂತ ಹೇಳು ಅಂದಾರ."

ಹಾಲೇಶಪ್ಪ ಅಭ್ಯಾಸಬಲದಿಂದ ಗೋಡೆಯ ಗಡಿಯಾರ ನೋಡಿದ. ಒಂಬತ್ತೂ ಇಪ್ಪತ್ತೈದು. ಅವನ ಬಾಯಿ 'ನಿಯಮ' ಎಂಬ ಮಾತಿಗೆ ತೆರೆಯುವಷ್ಟರಲ್ಲಿ ಶ್ರೀದೇವಿ ಡಬ್ಬಿಯನ್ನು ಅವನ ಕೈಯಲ್ಲಿಟ್ಟು, ಸುತ್ತ ಕೂತವರಿಗೆಲ್ಲ ಕೇಳುವಂತೆ ಹೇಳಿದಳು.

"ಕುಂತು ತಿನ್ರಿ, ಭಾವಾರ. ರಕ್ತ ಕೊಟ್ಟೀರಿ, ತಲಿ ತಿರುಗತೈತಿ."

'ಭಾವಾರ' ಎಂಬ ಆ ಒಂದು ಮಾತು ಕೇಳಲು ತಮ್ಮನ ಜೊತೆ ಹನ್ನೊಂದು ಮನೆ ಅಲೆದ ಮನುಷ್ಯ ಅವನು. ಬೆಂಚಿನ ತುದಿಯಲ್ಲಿದ್ದ ಮೈಲೇಶ ತಲೆ ತಗ್ಗಿಸಿ ತನ್ನ ಹೊಸ ಅಂಗಿಯ ಗುಂಡಿಯನ್ನು ನೋಡತೊಡಗಿದ. ಹಾಲೇಶಪ್ಪ ಅವನ ಪಕ್ಕದಲ್ಲಿ ಕೂತು, ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು, ಮುಚ್ಚಳ ತೆಗೆದ.